ತಡವಾಗಿ ಮಲಗುವ ಹುಳುಗಳು

9 ಏಪ್ರಿಲ್ 2003

ಮಗಳೇ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹುಳುವಿನ ಪೆಟ್ಟಿಗೆಯೂ ಸೇರಿರಬೇಕು. ಸೇರದಿದ್ದರೆ ಅಂಚೆ ಕಚೇರಿಗೆ ಹೋಗಿ ಜಗಳ ತೆಗೆ. ನಿನಗೆ ಜಗಳ ಬರುವುದಿಲ್ಲ, ಗೊತ್ತು. ಪಿಟೀಲನ್ನು ಕರೆದುಕೊಂಡು ಹೋಗು. ನನ್ನ ಮೊಮ್ಮಗಳು ಒಮ್ಮೆ ರಾಗ ತೆಗೆದರೆ ಪೆಟ್ಟಿಗೆ ತಾನಾಗಿಯೇ ಹೊರಗೆ ಬರುತ್ತದೆ. ತೊಟ್ಟಿಲಲ್ಲಿದ್ದಾಗ ಅವಳಿಗೆ ಆ ಹೆಸರಿಟ್ಟವನು ನಾನು. ಶಾಲೆಗೆ ಹೋಗುವ ಹುಡುಗಿಯಾದರೂ ಹೆಸರು ಸುಳ್ಳಾಗಿಲ್ಲ ಅಂತ ನಿನ್ನ ಕಾಗದಗಳಿಂದ ತಿಳಿಯುತ್ತದೆ.

ಹುಳುಗಳು ಇನ್ನೂ ಚಳಿಗಾಲದ ನಿದ್ದೆಯಲ್ಲಿವೆ. ಹಸಿ ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯ ಚೀಲಗಳ ನಡುವೆ ಇಟ್ಟಿದ್ದೇನೆ. ಪೆಟ್ಟಿಗೆಯನ್ನು ಬಿಸಿಲಲ್ಲಿ ತೆರೆಯಬೇಡ. ಇದನ್ನೆಲ್ಲ ನಿನಗೆ ಕಲಿಸಿದವನೇ ನಾನು, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಈ ವರ್ಷದವು ಗಟ್ಟಿಮುಟ್ಟಾಗಿವೆ. ಇಲ್ಲಿಯ ಹೊಳೆಯ ದಂಡೆಯಲ್ಲಿ ಈಗ ಹುಡುಕಿದರೂ ಒಂದು ಉಪ್ಪುಗಿಡ ಸಿಗುವುದು ಕಷ್ಟ. ಯಾರೋ ಪುಣ್ಯಾತ್ಮರು ನೆರಳಿಗೆಂದು ಕಡಲಾಚೆಯಿಂದ ತಂದು ನೆಟ್ಟ ಗಿಡ, ಹೊಳೆಯ ನೀರೆಲ್ಲ ಕುಡಿದು ದಂಡೆಗೆ ಉಪ್ಪು ಉಗುಳುತ್ತಿತ್ತು. ಅದೇ ಕಡಲಾಚೆಯಿಂದ, ಅದನ್ನೇ ತಿನ್ನುವ ಹುಳುವನ್ನು ತರಿಸಿ ನನ್ನ ಸಾಕಣೆ ಕೋಣೆಯಲ್ಲಿ ಬೆಳೆಸಿ ಬಿಟ್ಟೆವು. ಗಿಡ ತಣ್ಣಗಾಯಿತು. ಇಲ್ಲಿ ಆದದ್ದು ನಿನ್ನ ದಕ್ಷಿಣದ ಹೊಳೆಯಲ್ಲಿ ಏಕೆ ಆಗಬಾರದು? ಪ್ರತಿ ವಸಂತದಲ್ಲೂ ಕಳಿಸುತ್ತೇನೆ, ಪ್ರತಿ ಚಳಿಗಾಲದಲ್ಲೂ ಸತ್ತುಹೋಗುತ್ತವೆ. ನನ್ನ ಹುಳುಗಳಿಗೆ ನಾಚಿಕೆಯಾಗಬೇಕು.

ನನ್ನ ಮಗ ಹೋದಮೇಲೆ ನೀನು ಆ ಕೆಲಸ ಹಿಡಿದು ದೂರ ಹೋಗುತ್ತೇನೆ ಅಂದಾಗ ನಾನು ಬೇಡ ಅನ್ನಲಿಲ್ಲ. ಒಂದೆರಡು ವರ್ಷ ಮನಸ್ಸು ಹಗುರಾಗಲಿ ಅಂದುಕೊಂಡೆ. ಮಹಡಿಯ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದೇನೆ. ಯಾರಿಗೆ ಅಂತ ನಾನು ಹೇಳುವುದಿಲ್ಲ.

ಫೋನು ಮಾಡಬೇಡ. ನನ್ನ ಕಿವಿಗೆ ಅದು ಬರೀ ಗೊರಗೊರ.

ಮಾವ


2 ಮೇ 2003

ಮಾವನವರಿಗೆ,

ಪೆಟ್ಟಿಗೆ ಜಗಳವಿಲ್ಲದೆ ಸಿಕ್ಕಿತು. ಪಿಟೀಲಿಗೆ ಸ್ವಲ್ಪ ನಿರಾಸೆಯಾಯಿತು, ತಯಾರಾಗಿ ಬಂದಿದ್ದಳು. ಹುಳುಗಳನ್ನು ಪಂಪುಮನೆಯ ಹತ್ತಿರವೂ ಅದರ ಕೆಳಗಿನ ತಿರುವಿನಲ್ಲೂ ಬಿಟ್ಟೆ. ಎದ್ದ ಕೂಡಲೇ ಎಲೆಗೆ ಬಾಯಿ ಹಾಕಿದವು. ನೀವು ಸಾಕಿದವು ಊಟಕ್ಕೆ ಕುಳಿತರೆ ಅಕ್ಕಪಕ್ಕ ನೋಡುವುದಿಲ್ಲ.

ಮುಖ್ಯ ಕಚೇರಿಯಿಂದ ನಿರ್ದೇಶಕರು ಬಂದಿದ್ದರು. ನನ್ನ ಎರಡು ಕೋಣೆಯ ತಗಡಿನ ಕಟ್ಟಡದಲ್ಲಿ ಅವರನ್ನು ಕೂರಿಸಲು ಇದ್ದ ಒಂದೇ ಕುರ್ಚಿ ಕೊಟ್ಟು ನಾನು ನಿಂತೇ ಇದ್ದೆ. ಇರುವೆ ಹತ್ತದಿರಲಿ ಅಂತ ಮೇಜಿನ ಕಾಲುಗಳನ್ನು ನೀರಿನ ಡಬ್ಬಿಗಳಲ್ಲಿ ಇಟ್ಟಿದ್ದೇನಲ್ಲ, ಅದರಲ್ಲೊಂದಕ್ಕೆ ಬೂಟು ಅದ್ದಿದರು. ಆಮೇಲೆ ಬಂದ ವಿಷಯ ಹೇಳಿದರು. ಮುಂದಿನ ಬೇಸಿಗೆಯೊಳಗೆ ಪೊದೆಗಳು ಒಣಗುವ ಲಕ್ಷಣ ಕಾಣದಿದ್ದರೆ ಹುಳುವಿನ ಕೆಲಸ ಸಾಕು, ಇಡೀ ದಂಡೆಗೆ ವಿಷ ಸಿಂಪಡಿಸುತ್ತಾರಂತೆ. ಇಲ್ಲಿ ದಂಡೆಗೆ ಅಂಟಿಕೊಂಡೇ ಮನೆಗಳಿವೆ. ಬಾವಿಗಳೂ ಅಲ್ಲೇ, ಆಡುಗಳು ಮೇಯುವುದೂ ಅಲ್ಲೇ. ಅವರೆಲ್ಲ ದಿನವೂ ನನ್ನನ್ನು ಕೇಳುತ್ತಾರೆ. ನಾನು ಆಗುತ್ತೆ ಅನ್ನುತ್ತೇನೆ.

ಪಿಟೀಲು ಈಜು ಕಲಿತಿದ್ದಾಳೆ. ಕಾಲಿಗೆ ಚಪ್ಪಲಿ ಹಾಕುವುದನ್ನು ಬಿಟ್ಟಿದ್ದಾಳೆ. ಎಷ್ಟು ಬೈದರೂ ಅಷ್ಟೇ.

ಹಳದಿ ಬಣ್ಣ ಒಳ್ಳೆಯದು.

ಸೊಸೆ


28 ಜುಲೈ 2003

ಮಾವನವರಿಗೆ,

ಒಳ್ಳೆಯ ಸುದ್ದಿ ಬರೆಯೋಣ ಅಂತ ಕಾದೆ. ಇಲ್ಲ. ಪಂಪುಮನೆಯ ಹುಳುಗಳು ಈ ವಾರ ತಿನ್ನುವುದನ್ನು ನಿಲ್ಲಿಸಿ ಒಂದೊಂದೇ ತರಗೆಲೆಯ ಅಡಿಗೆ ಇಳಿದುಬಿಟ್ಟವು. ಬಿಸಿಲು ನೆತ್ತಿ ಸುಡುತ್ತಿದೆ, ಗಿಡದ ತುಂಬ ಎಲೆ ಇದೆ. ಇವಕ್ಕೆ ಮಾತ್ರ ಚಳಿಗಾಲ ಬಂತು ಅನ್ನಿಸಿದೆ.

ಏಕೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅವು ನೋಡುವುದು ಬಿಸಿಯನ್ನಲ್ಲ, ಹಗಲಿನ ಉದ್ದವನ್ನು. ನಿಮ್ಮಲ್ಲಿ ಬೇಸಿಗೆಯ ಹಗಲು ಬಹಳ ಉದ್ದ. ಅದು ಒಂದು ಮಟ್ಟಕ್ಕಿಂತ ಗಿಡ್ಡವಾದರೆ ಹಿಮ ಹತ್ತಿರವಾಯಿತು ಅಂತ ಲೆಕ್ಕ. ಇಲ್ಲಿ ನಡುಬೇಸಿಗೆಯ ಹಗಲೂ ಆ ಮಟ್ಟವನ್ನು ಕಷ್ಟದಿಂದ ಮುಟ್ಟುತ್ತದೆ. ಹಾಗಾಗಿ ಬೇಸಿಗೆ ಮುಗಿಯುವ ಮೊದಲೇ ಮಲಗುತ್ತವೆ. ಸೆಖೆಯಲ್ಲಿ ಮಲಗಿದರೆ ಮೈಯ ಕೊಬ್ಬೆಲ್ಲ ಕರಗುತ್ತದೆ, ವಸಂತದವರೆಗೆ ಉಸಿರು ಉಳಿಯುವುದಿಲ್ಲ.

ಹೊಳೆಯಲ್ಲಿ ನೀರು ಇಳಿದಿರುವುದರಿಂದ ದೋಣಿಯವನು ನನ್ನನ್ನು ಮುರಿದ ಸೇತುವೆಯ ಆಚೆಗೆ, ಹಳೆಯ ಇಟ್ಟಿಗೆ ಭಟ್ಟಿಯವರೆಗೆ ಕರೆದುಕೊಂಡು ಹೋದ. ನಾನು ಬಂದ ಮೊದಲ ವಸಂತದಲ್ಲಿ ಅಲ್ಲಿ ಒಂದು ಪೆಟ್ಟಿಗೆ ಬಿಟ್ಟಿದ್ದೆ, ನೆನಪಿದೆಯಾ? ಆ ವರ್ಷದ ಪ್ರವಾಹದಲ್ಲಿ ಸೇತುವೆ ಹೋಯಿತು, ಆಮೇಲೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಮಂಡಿ ನೋವು ಹೇಗಿದೆ?

ಸೊಸೆ


12 ಆಗಸ್ಟ್ 2003

ಮಗಳೇ,

ಇಟ್ಟಿಗೆ ಭಟ್ಟಿಯ ವಿಷಯ ಬರೆಯಲು ನಿನಗೆ ಕೈ ಬರಲಿಲ್ಲ ಅಂತ ಅರ್ಥವಾಯಿತು. ಅಲ್ಲಿ ಒಂದೂ ಉಳಿದಿರಲಿಕ್ಕಿಲ್ಲ. ಸೋತೆ ಅಂತ ಕೈ ಚೆಲ್ಲಿ ಕೂರಬೇಡ. ಒಂದು ಪೆಟ್ಟಿಗೆಗೆ ಆಗದ್ದು ಎರಡಕ್ಕೆ ಆಗುತ್ತದೆ. ಮುಂದಿನ ವಸಂತಕ್ಕೆ ಇಮ್ಮಡಿ ಕಳಿಸುತ್ತೇನೆ ಅಂತ ನಿರ್ದೇಶಕರಿಗೆ ಆಗಲೇ ಬರೆದೆ.

ಆ ಮನುಷ್ಯ ಇಲ್ಲಿಗೂ ಬಂದಿದ್ದ. ಇಲ್ಲಿಯ ಹೊಳೆ ಸ್ವಚ್ಛವಾಯಿತು, ಇನ್ನು ಈ ಸಾಕಣೆ ಕೋಣೆ ಏಕೆ ಅಂತ ಮೂಗು ಮುರಿದ. ದಕ್ಷಿಣಕ್ಕೆ ಹುಳು ಬೇಕಾಗಿರುವವರೆಗೆ ಈ ಕೋಣೆ ನಡೆಯಲೇಬೇಕು ಅಂತ ಹೇಳಿದೆ. ಬಾಯಿ ಮುಚ್ಚಿಕೊಂಡು ಹೋದ. ಹಾಗಾಗಿ ನೀನು ನನಗೆ ಉಪಕಾರವನ್ನೇ ಮಾಡುತ್ತಿದ್ದೀಯ. ನಿನ್ನಲ್ಲಿ ಅವು ಸಾಯುತ್ತಿರುವುದರಿಂದ ಈ ಮುದುಕನಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇದೆ.

ಮಂಡಿ ಇದ್ದಲ್ಲೇ ಇದೆ.

ಮಾವ


30 ಸೆಪ್ಟೆಂಬರ್ 2003

ಮಾವನವರಿಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಪಿಟೀಲಿಗೆ ಕಿವಿ ನೋವು ಬಂದು ಒಂದು ವಾರ ಮನೆಯೆಲ್ಲ ಸಂಗೀತ. ಈಗ ವಾಸಿ.

ಇಟ್ಟಿಗೆ ಭಟ್ಟಿಯ ಕಡೆ ಮತ್ತೆ ಹೋಗಿ ಬಂದೆ. ಸೇತುವೆ ಕಟ್ಟುವವರು ಬಂದಿದ್ದಾರೆ, ವಸಂತದೊಳಗೆ ಮುಗಿಸುತ್ತಾರಂತೆ.

ಸಾಕಣೆ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದಿರಾ? ಚಳಿಗಾಲಕ್ಕೆ ಮೊದಲು ಹಾಕಿಸಿಕೊಳ್ಳಿ. ಬೇರೆ ಏನೂ ವಿಶೇಷವಿಲ್ಲ.

ಸೊಸೆ


6 ನವೆಂಬರ್ 2003

ಮಗಳೇ,

ಮೊದಲ ಹಿಮ ಬಿತ್ತು. ಹುಳುಗಳೆಲ್ಲ ಸರಿಯಾದ ಸಮಯಕ್ಕೆ ಮಲಗಿ ಜಾಡಿಗಳಲ್ಲಿ ಸಾಲಾಗಿ ಕುಳಿತಿವೆ. ನಾನು ಸಂತೋಷದಲ್ಲಿದ್ದೇನೆ, ಅದಕ್ಕೆ ಕಾರಣ ಹುಳು ಅಲ್ಲ.

ನಿನ್ನ ಕಳೆದ ಕಾಗದ ಓದಿದಾಗಲೇ ನಿನ್ನ ಮನಸ್ಸು ಅಲ್ಲಿ ಇಲ್ಲ ಅಂತ ತಿಳಿಯಿತು. ನಾಲ್ಕು ಸಾಲು ಬರೆದು ಕಿಟಕಿಯ ಗಾಜು ವಿಚಾರಿಸಿದ್ದೀಯ. ಬಾಯಿ ಬಿಟ್ಟು ವಾಪಸು ಬರುತ್ತೇನೆ ಅನ್ನಲು ನಿನಗೆ ಸಂಕೋಚ. ನಿನ್ನ ಪರವಾಗಿ ನಿರ್ದೇಶಕರ ಹತ್ತಿರ ನಾನೇ ಬಾಯಿ ಬಿಟ್ಟೆ. ಮಾರ್ಚ್‌ನಲ್ಲಿ ನಿನಗೆ ಇಲ್ಲಿಗೆ ವರ್ಗ. ಆದೇಶ ಇನ್ನೂ ಬಂದಿಲ್ಲ, ಮಾತು ಕೊಟ್ಟಿದ್ದಾರೆ. ನಿನ್ನ ಜಾಗಕ್ಕೆ ಬರುವ ಹೊಸಬನಿಗೆ ಇಮ್ಮಡಿ ಪೆಟ್ಟಿಗೆ ಕಳಿಸುತ್ತೇನೆ. ಸೇತುವೆಯೂ ಆಗಿರುತ್ತದೆ, ಇಟ್ಟಿಗೆ ಭಟ್ಟಿಯ ಕಡೆಗೂ ಧಾರಾಳವಾಗಿ ಬಿಡಲಿ.

ಪಿಟೀಲಿಗೆ ಶಾಲೆ ನೋಡಿದ್ದೇನೆ. ಚಪ್ಪಲಿ ಹಾಕುವುದನ್ನು ಅಭ್ಯಾಸ ಮಾಡಿಸು, ಇಲ್ಲಿ ಬರಿಗಾಲು ನಡೆಯುವುದಿಲ್ಲ.

ಮಾವ


20 ನವೆಂಬರ್ 2003

ಮಾವ,

ನಿಮ್ಮ ಕಾಗದ ಓದಿದ ಕೂಡಲೇ ಬರೆಯಲು ಕುಳಿತೆ. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಈಗ ಹೇಳದಿದ್ದರೆ ಮುಂದೆ ಹೇಳಿಯೂ ಪ್ರಯೋಜನವಿಲ್ಲ.

ಇಟ್ಟಿಗೆ ಭಟ್ಟಿಯಲ್ಲಿ ಹುಳುಗಳು ಸತ್ತಿರಲಿಲ್ಲ. ಜುಲೈ ಕೊನೆಯಲ್ಲಿ ಪಂಪುಮನೆಯವು ಮಲಗಿದ ಮೇಲೂ ಅಲ್ಲಿಯವು ತಿನ್ನುತ್ತಿದ್ದವು. ಆಗಸ್ಟ್‌ನಲ್ಲಿ ತಿನ್ನುತ್ತಿದ್ದವು, ಸೆಪ್ಟೆಂಬರ್‌ನಲ್ಲೂ ತಿನ್ನುತ್ತಿದ್ದವು. ದೋಣಿಯವನು ಒಂದು ಕೊಂಬೆ ಎಳೆದು ನೋಡಿ, “ಅಕ್ಕಾ, ಇವು ನಿದ್ದೇನೇ ಮಾಡಲ್ವಾ?” ಅಂತ ಕೇಳಿದ. ಭಟ್ಟಿಯ ಚಿಮಣಿಯಿಂದ ಹೊಳೆಯವರೆಗೆ ಪೊದೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. ನಿಮ್ಮ ಹೊಳೆಯ ದಂಡೆಯಲ್ಲಿ ಮೊದಲು ಹೇಗಾಯಿತು ಅಂತ ನೀವು ಹೇಳುತ್ತಿದ್ದಿರೋ ಹಾಗೆಯೇ.

ಅವೂ ನಿಮ್ಮ ಕೋಣೆಯಿಂದಲೇ ಬಂದವು. ಮೊದಲ ವರ್ಷ ಬಹುಪಾಲು ಬೇಗ ಮಲಗಿ ಸತ್ತಿರಬೇಕು. ಎಲ್ಲೋ ಕೆಲವಕ್ಕೆ ಹುಟ್ಟಿನಿಂದಲೇ ಸ್ವಲ್ಪ ತಡವಾಗಿ ಮಲಗುವ ಗುಣ ಇತ್ತು, ಅವು ಮಾತ್ರ ವಸಂತ ಕಂಡವು. ಅವುಗಳ ಮರಿಗಳೂ ತಡವಾಗಿ ಮಲಗಿದವು, ಅವುಗಳಲ್ಲೂ ಇನ್ನೂ ತಡವಾದವು ಉಳಿದವು. ಯಾರೂ ಕೈ ಹಾಕದ ಕಡೆ, ಮೂರು ನಾಲ್ಕು ವರ್ಷದಲ್ಲೇ, ಅವು ಇಲ್ಲಿಯವಾಗಿಬಿಟ್ಟಿವೆ.

ಪಂಪುಮನೆಯ ಹತ್ತಿರವೂ ಹೀಗೇ ಆಗಬೇಕಿತ್ತು. ಅಲ್ಲೂ ಪ್ರತಿ ವರ್ಷ ಕೆಲವು ಉಳಿದಿರುತ್ತವೆ. ಆದರೆ ಅವು ಎದ್ದು ಕಣ್ಣು ಬಿಡುವ ಹೊತ್ತಿಗೆ ನಾನು ನಿಮ್ಮ ಹೊಸ ಪೆಟ್ಟಿಗೆ ತೆರೆಯುತ್ತೇನೆ. ಸಾವಿರಾರು ಹೊಸಬರ ನಡುವೆ ಬೆರಳೆಣಿಕೆಯ ಹಳಬರು. ಕೂಡಿ ಹುಟ್ಟುವ ಮರಿಗಳು ಮತ್ತೆ ಬೇಗ ಮಲಗುವವೇ ಆಗುತ್ತವೆ. ನೀವು ಪ್ರೀತಿಯಿಂದ ಕಳಿಸಿದ್ದು, ನಾನು ನಂಬಿಕೆಯಿಂದ ಬಿಟ್ಟದ್ದು, ಅದೇ ಅಡ್ಡ ಬಂತು. ಈಗ ಇಮ್ಮಡಿ ಪೆಟ್ಟಿಗೆ ಬಂದು, ಸೇತುವೆ ದಾಟಿ ಭಟ್ಟಿಯನ್ನೂ ಸೇರಿದರೆ ಎಲ್ಲ ಮೊದಲಿಗೆ ಬಂದು ನಿಲ್ಲುತ್ತದೆ. ಆಮೇಲೆ ವಿಷದ ಡ್ರಮ್ಮುಗಳು ಬರುತ್ತವೆ.

ಮಾವ, ಇನ್ನು ಮುಂದೆ ಹುಳು ಕಳಿಸಬೇಡಿ.

ಈ ಒಂದು ಸಾಲು ಬರೆಯಲು ನನಗೆ ಇಷ್ಟು ತಿಂಗಳು ಬೇಕಾಯಿತು. ನಾನು ಆ ಮನೆಗೆ ಬಂದ ಹೊಸತರಲ್ಲಿ ನಿಮ್ಮ ಮಗ ನಗುತ್ತಾ ಹೇಳಿದ್ದರು, “ನಮ್ಮಪ್ಪಂಗೆ ಇಬ್ಬರು ಮಕ್ಕಳು. ಒಬ್ಬ ನಾನು, ಇನ್ನೊಂದು ಆ ಹುಳದ ಕೋಣೆ. ನನ್ನ ಮೇಲೆ ಎಷ್ಟು ಬೇಕಾದ್ರೂ ದೂರು ಹೇಳು, ಕೇಳ್ತಾರೆ. ಕೋಣೆ ಮೇಲೆ ಮಾತ್ರ ಹೇಳ್ಬೇಡ.” ನಿಮಗೆ ಉಳಿದಿರುವುದು ಆ ಕೋಣೆ. ದಕ್ಷಿಣಕ್ಕೆ ಹುಳು ಬೇಡ ಅಂತ ನಾನು ಕಚೇರಿಗೆ ಬರೆದ ದಿನವೇ ಅವರು ಅದಕ್ಕೆ ಬೀಗ ಹಾಕುತ್ತಾರೆ. ಆ ಬೀಗವನ್ನು ನನ್ನ ಕೈಯಿಂದ ಹಾಕಿಸಬೇಡಿ ಅಂತ ಯಾರನ್ನು ಕೇಳಲಿ? ಕಚೇರಿಗೆ ಇನ್ನೂ ಏನೂ ಬರೆದಿಲ್ಲ. ಮೊದಲು ನಿಮಗೆ ಬರೆದಿದ್ದೇನೆ.

ವರ್ಗವೂ ನನಗೆ ಬೇಡ. ಹೊಳೆಯ ಕೆಲಸ ಒಂದೇ ಕಾರಣವಲ್ಲ. ನನಗೂ ಪಿಟೀಲಿಗೂ ಇಲ್ಲಿ ಹೊಂದಿಕೆಯಾಗಿದೆ. ಮನಸ್ಸು ಹಗುರಾಗಲಿ ಅಂತ ಬಂದದ್ದು ನಿಜ. ಅದು ಆಗಿದೆ, ಇಲ್ಲಿಯೇ ಆಗಿದೆ.

ನನ್ನ ಮೇಲೆ ಕೋಪ ಬಂದರೆ ಬೈಯಿರಿ.

ಸೊಸೆ


25 ಜನವರಿ 2004

ಮಾವ,

ಎರಡು ತಿಂಗಳಾಯಿತು. ಅಂಚೆಯವನು ನನ್ನ ಮುಖ ನೋಡಿ ದೂರದಿಂದಲೇ ತಲೆ ಆಡಿಸುತ್ತಾನೆ. ನಿಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಿದೆ. ದಿನವೂ ಕೋಣೆಗೆ ಹೋಗಿ ಬರುತ್ತಾರೆ, ಮುಖ ಮಾತ್ರ ಊದಿಸಿಕೊಂಡಿರುತ್ತಾರೆ ಅಂದರು. ಅಷ್ಟು ತಿಳಿದು ಅರ್ಧ ಜೀವ ಬಂತು.

ಬೈದಾದರೂ ಬರೆಯಿರಿ.

ಸೊಸೆ


8 ಫೆಬ್ರವರಿ 2004

ದಕ್ಷಿಣ ಕೇಂದ್ರದ ಉಸ್ತುವಾರಿ ಅಧಿಕಾರಿಯವರಿಗೆ,

ತಮ್ಮ ನವೆಂಬರ್ ತಿಂಗಳ ಪತ್ರ ತಲುಪಿದೆ. ತಾವು ತಿಳಿಸಿರುವ ಸಂಗತಿಯನ್ನು ಕಣ್ಣಾರೆ ನೋಡದೆ ಒಪ್ಪಲು ಸಾಧ್ಯವಿಲ್ಲ. ಇಟ್ಟಿಗೆ ಭಟ್ಟಿಯ ಹತ್ತಿರ ಮಲಗಿರುವ ಹುಳುಗಳನ್ನು ಮಣ್ಣಿನ ಸಮೇತ ಒಂದು ಜಾಡಿಯಲ್ಲಿ ಕೂಡಲೇ ಕಳಿಸತಕ್ಕದ್ದು. ಜಾಡಿಯೊಳಗೆ ಖಾಸಗಿ ಪತ್ರ ಇಡುವ ಅಗತ್ಯವಿಲ್ಲ.

ಸಾಕಣೆ ಕೋಣೆಯ ಮೇಲ್ವಿಚಾರಕ

ಪಿಟೀಲಿನ ಕಿವಿ ನೋವು ಮತ್ತೆ ಬಂತೇ ಎಂಬುದನ್ನು ಪ್ರತ್ಯೇಕವಾಗಿ ತಿಳಿಸುವುದು.


18 ಏಪ್ರಿಲ್ 2004

ಮಗಳೇ,

ನಿನ್ನ ಜಾಡಿಯ ಹುಳುಗಳನ್ನೂ ನನ್ನವನ್ನೂ ಅಕ್ಕಪಕ್ಕದ ಗೂಡುಗಳಲ್ಲಿ ಎಬ್ಬಿಸಿದೆ. ಒಂದೇ ಬಿಸಿ, ಒಂದೇ ಗಿಡದ ಎಲೆ. ದೀಪವನ್ನು ನಿನ್ನ ಊರಿನ ಜುಲೈ ಕೊನೆಯ ಹಗಲಿಗೆ ಸರಿಯಾಗಿ ಹೊಂದಿಸಿದೆ. ನಿಜ ಹೇಳುತ್ತೇನೆ, ನಿನ್ನ ಮಾತು ತಪ್ಪಾಗಲಿ ಅಂತ ಆಸೆಪಟ್ಟೆ. ನನ್ನವು ಸ್ವಲ್ಪ ದಿನ ತಿಂದು, ಒಂದರ ಹಿಂದೆ ಒಂದು ತರಗೆಲೆಗೆ ಇಳಿದವು. ಪಕ್ಕದ ಗೂಡಿನಲ್ಲಿ ನಿನ್ನವು ಎಲೆ ಮುಗಿಸಿ ಕೊಂಬೆಯ ತೊಗಟೆಗೆ ಬಾಯಿ ಹಾಕಿದ್ದವು, ಮೊಟ್ಟೆಯನ್ನೂ ಇಟ್ಟಿದ್ದವು. ಕುಂಡದ ಗಿಡಗಳನ್ನೆಲ್ಲ ಬೋಳಿಸಿ ನನ್ನನ್ನು ಎಲೆಗಾಗಿ ಊರೆಲ್ಲ ಅಲೆಸಿದವು. ಈ ಹೊಳೆಯಲ್ಲಿ ಉಪ್ಪುಗಿಡ ಇಲ್ಲದಂತೆ ಮಾಡಿದವನೇ ಅದರ ಎಲೆಗೆ ಪರದಾಡಬೇಕಾಯಿತು.

ಎರಡು ಗೂಡುಗಳ ಮುಂದೆ ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಕುಳಿತೆ. ನಾನು ಸಾಕಿದ ಹುಳುವನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಅಂದುಕೊಂಡಿದ್ದೆ. ಕಣ್ಣಿಗೆ ಅವು ಥೇಟ್ ಒಂದೇ. ಬೆನ್ನಿನ ಬಣ್ಣ, ಮೀಸೆ, ಏನೂ ವ್ಯತ್ಯಾಸವಿಲ್ಲ. ಇಷ್ಟು ಬೇಗ ಬೇರೆಯಾಗಿಬಿಡುತ್ತವೆ ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ನಿರ್ದೇಶಕರಿಗೆ ನಾನೇ ಬರೆದೆ. ದಕ್ಷಿಣಕ್ಕೆ ಉತ್ತರದ ಹುಳು ಇನ್ನೊಂದೂ ಹೋಗಕೂಡದು, ಭಟ್ಟಿಯ ಹುಳುಗಳನ್ನೇ ಹಿಡಿದು ಹೊಳೆಯುದ್ದಕ್ಕೂ ಬಿಡಬೇಕು, ಅದಕ್ಕೆ ಎರಡು ವರ್ಷ ಕಾಲಾವಕಾಶ ಬೇಕು, ಅಲ್ಲಿಯವರೆಗೆ ವಿಷದ ಮಾತು ಎತ್ತಬಾರದು ಅಂತ. ಎರಡೂ ಗೂಡುಗಳ ಫೋಟೋ ಇಟ್ಟೆ. ಒಪ್ಪಿದ್ದಾರೆ. ನಿನ್ನ ವರ್ಗವನ್ನೂ ರದ್ದು ಮಾಡಿಸಿದೆ. ನಾನೇ ಕೇಳಿದ್ದನ್ನು ನಾನೇ ಬೇಡವೆಂದದ್ದಕ್ಕೆ ಅಲ್ಲಿಯ ಗುಮಾಸ್ತ ನನ್ನನ್ನು ಅರೆಹುಚ್ಚ ಅಂದುಕೊಂಡಿರಬೇಕು. ತಿಂಗಳ ಕೊನೆಗೆ ಸಾಕಣೆ ಕೋಣೆ ಮುಚ್ಚುತ್ತದೆ. ಬೀಗ ನಾನೇ ಹಾಕುತ್ತೇನೆ, ನಿನ್ನ ಕೈಗೆ ಆ ಕೆಲಸ ಬರುವುದಿಲ್ಲ.

ಈಗ ಕೋಪದ ವಿಷಯ. ಎರಡು ತಿಂಗಳು ನಾನು ಬರೆಯದೆ ಇದ್ದದ್ದು ಹುಳುವಿಗಾಗಿ ಅಲ್ಲ, ಕೋಣೆಗಾಗಿಯೂ ಅಲ್ಲ. ನನ್ನ ಮಗ ತಮಾಷೆಗೆ ಆಡಿದ ಮಾತನ್ನು ನೀನು ನಿಜ ಮಾಡಿಕೊಂಡೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, ಅವನು ಹೋದ ಅಂತ ನನಗೆ ಹೇಳಿದವಳು ನೀನು. ಸುತ್ತಿ ಬಳಸದೆ ಹೇಳಿದೆ. ಅದನ್ನು ತಡೆದುಕೊಂಡು ಬದುಕಿರುವವನು ಒಂದು ಕೋಣೆಗೆ ಬೀಗ ಬಿದ್ದರೆ ತಡೆಯಲಾರ ಅಂದುಕೊಂಡೆಯಲ್ಲ, ಅದು ನನಗೆ ನೋವಾಯಿತು. ಬರೆದು ಮುಗಿಸಿದೆ, ಈಗ ಹೋಯಿತು.

ಒಂದು ತೊಡಕು ಉಳಿದಿದೆ. ನಿನ್ನ ಹುಳುಗಳು ಗೂಡಿನಲ್ಲಿ ಸಂಸಾರ ಬೆಳೆಸಿಕೊಂಡಿವೆ. ಇಲ್ಲಿ ಬಿಟ್ಟರೆ ಹಿಮ ಬೀಳುವವರೆಗೂ ತಿನ್ನುತ್ತಾ ಕುಳಿತು ಸಾಯುತ್ತವೆ. ಎದ್ದಿರುವ ಹುಳುವನ್ನು ಅಂಚೆಗೆ ಹಾಕುವಂತಿಲ್ಲ, ದಾರಿಯಲ್ಲಿ ಎಲೆ ಹಾಕಲು ಆಳು ಬೇಕು. ರೈಲಿನಲ್ಲಿ ತರಬಲ್ಲವನು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬನೇ. ಅವನಿಗೆ ಮಂಡಿ ನೋವು, ಕಿವಿ ಮಂದ, ಹುಟ್ಟಿದಾಗಿನಿಂದ ಈ ಚಳಿಯ ಊರು ಬಿಟ್ಟು ಹೋದವನಲ್ಲ. ಅಲ್ಲಿಯ ಬಿಸಿಲು ಅವನಿಗೆ ತಡೆಯುತ್ತದೆಯೇ? ನೊಂದುಕೊಳ್ಳುತ್ತಾನೆ ಅಂತ ಏನನ್ನೂ ಮುಚ್ಚಿಡದೆ ಬರೆ.

ಮಾವ


27 ಏಪ್ರಿಲ್ 2004

ಮಾವ,

ಮುಚ್ಚಿಡದೆ ಬರೆಯುತ್ತಿದ್ದೇನೆ. ಬಿಸಿಲು ನಿಮಗೆ ತಡೆಯುವುದಿಲ್ಲ. ಮೊದಲ ಬೇಸಿಗೆ ಯಾರಿಗೂ ತಡೆಯುವುದಿಲ್ಲ. ನಾನು ಬಂದ ವರ್ಷ ದಿನವೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ, ನಿಮಗೆ ಮಾತ್ರ ಗಾಳಿ ಚೆನ್ನಾಗಿದೆ ಅಂತ ಬರೆಯುತ್ತಿದ್ದೆ. ತಗಡು ಕಾಯುತ್ತದೆ, ಸೊಳ್ಳೆ ಇವೆ, ಕುಡಿಯುವ ನೀರಿಗೆ ಉಪ್ಪಿನ ರುಚಿ. ಮೂರನೇ ವಾರಕ್ಕೆ ನೀವು ನನ್ನ ಮೇಲೆ ರೇಗುತ್ತೀರಿ. ವಾಪಸು ಹೊರಡುತ್ತೇನೆ ಅಂತ ಪೆಟ್ಟಿಗೆ ಕಟ್ಟುತ್ತೀರಿ. ಎರಡನೇ ಬೇಸಿಗೆ ಅಷ್ಟು ಕಷ್ಟವಾಗುವುದಿಲ್ಲ.

ಹಾಗಾಗಿ ಎರಡನೇ ಬೇಸಿಗೆಯವರೆಗೆ ಇರುವ ಹಾಗೆ ಬನ್ನಿ.

ಸೊಸೆ